ಗೆರೆ ದಾಟುವ ಕಾವಲುಗಾರ

ಫುಟ್‌ಬಾಲ್ ತಂಡದ ಹನ್ನೊಂದು ಮಂದಿಯಲ್ಲಿ ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ಗೋಲ್‌ಕೀಪರ್ ಒಬ್ಬನಿಗೆ ಮಾತ್ರ ಇದೆ. ಆ ಅಧಿಕಾರ ನಡೆಯುವ ನೆಲಕ್ಕೆ ಸುಣ್ಣದ ಗೆರೆಯೊಂದು ಎಲ್ಲೆ ಹಾಕಿದೆ. ಗೆರೆಯೊಳಗೆ ನಿಂತು ಕಾಯುವುದೇ ಅವನ ಧರ್ಮವೆಂದು ಲೋಕ ನಂಬಿದ್ದ ಕಾಲದಲ್ಲಿ, ಕೊಲಂಬಿಯಾ ದೇಶದ ರೆನೆ ಹಿಗ್ವಿಟಾ ಆ ಗೆರೆಯಿಂದ ಆಚೆ ನಡೆದು ಚೆಂಡನ್ನು ಕಾಲಲ್ಲಿ ಆಡಿದರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಗೆರೆ, ಬದು, ಗಡಿ ಎಂಬ ಮಾತುಗಳಿಗೆ ಇರುವ ತೂಕ ಬೇರೆ ಸೀಮೆಗಳಲ್ಲಿ ಇರಲಾರದು, ಏಕೆಂದರೆ ಇಲ್ಲಿ ಹೊಲದ ಬದುವಿನಷ್ಟೇ ಹತ್ತಿರದಲ್ಲಿ ರಾಜ್ಯದ ಗಡಿಯೂ ಇದೆ. ಆ ನೆಲದ ಅನುಭವವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಆಟದ ರೂಢಿಯನ್ನು ಎತ್ತಿಹಿಡಿಯುವ ಒಬ್ಬರು ಮತ್ತು ಆ ರೂಢಿಯನ್ನು ಪ್ರಶ್ನಿಸುವ ಇನ್ನೊಬ್ಬರು ನಡೆಸುವ ವಿಚಾರ ವಿನಿಮಯ ಇಲ್ಲಿದೆ.

ಮೊದಲನೆಯವರು: ಹಿಗ್ವಿಟಾ ಅವರನ್ನು ಕ್ರಮ ಮೀರಿದ ಗೋಲ್‌ಕೀಪರ್ ಎಂದು ಕರೆಯುವ ಮೊದಲು ಆ ಕ್ರಮ ಯಾವುದು, ಅದನ್ನು ಹಾಕಿಕೊಟ್ಟವರು ಯಾರು ಎಂಬುದು ಸ್ಪಷ್ಟವಾಗಬೇಕು. ನಿಯಮವನ್ನೇ ಮುರಿದ ಆಟಗಾರನನ್ನು ಹೊಗಳುವುದಾದರೆ ಆಟಕ್ಕೆ ಅರ್ಥವೇ ಉಳಿಯುವುದಿಲ್ಲ.

ಎರಡನೆಯವರು: ಆ ಸ್ಪಷ್ಟತೆಯಿಂದಲೇ ತೊಡಗುವುದು ಸರಿ. ಗೋಲು ಎಂದರೆ 7.32 ಮೀಟರ್ ಅಗಲದಲ್ಲಿ ನೆಟ್ಟ ಎರಡು ಕಂಬಗಳು ಮತ್ತು ಅವುಗಳ ಮೇಲೆ 2.44 ಮೀಟರ್ ಎತ್ತರದಲ್ಲಿ ಹಾಯುವ ಅಡ್ಡಪಟ್ಟಿ. ಅದರ ಮುಂದೆ 16.5 ಮೀಟರ್ ದೂರದವರೆಗೆ ಚಾಚಿದ, 40.32 ಮೀಟರ್ ಅಗಲದ ಆಯತಕ್ಕೆ ಪೆನಾಲ್ಟಿ ಪ್ರದೇಶವೆಂದು ಹೆಸರು. ಗೋಲ್‌ಕೀಪರ್ ಈ ಆಯತದೊಳಗೆ ಮಾತ್ರ ಕೈ ಬಳಸಬಹುದು, ಆದರೆ ಅದರೊಳಗೇ ಇರಬೇಕೆಂದು ಯಾವ ನಿಯಮವೂ ಹೇಳಿಲ್ಲ, ಹಿಂದೆಯೂ ಹೇಳಿರಲಿಲ್ಲ. ಗೆರೆ ದಾಟಿದ ಕ್ಷಣಕ್ಕೆ ಅವನು ಕೈಯ ಅಧಿಕಾರವನ್ನು ಕಳೆದುಕೊಂಡು ಉಳಿದ ಹತ್ತು ಮಂದಿಯಂತೆ ಆಗುತ್ತಾನೆ, ಅಷ್ಟೆ. ಆದ್ದರಿಂದ ಹಿಗ್ವಿಟಾ ಮೀರಿದ್ದು ರೂಢಿಯನ್ನೇ ಹೊರತು ನಿಯಮವನ್ನಲ್ಲ. ನಿಯಮ ಬರೆದ ಮಾತು, ರೂಢಿ ಬರೆಯದ ಮಾತು. ಬಹುಕಾಲ ಬಾಳಿದ ರೂಢಿಯನ್ನು ಜನ ನಿಯಮವೆಂದೇ ತಿಳಿಯುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯವರು: ರೂಢಿ ಸುಮ್ಮನೆ ಹುಟ್ಟುವುದಿಲ್ಲ, ಅದರ ಹಿಂದೆ ಅನುಭವದ ಬುದ್ಧಿ ಇರುತ್ತದೆ. ಕೃಷ್ಣೆಯ ದಂಡೆಯ ರೈತ ಹೊಳೆಯಿಂದ ಇಷ್ಟು ದೂರದಲ್ಲೇ ಮನೆ ಕಟ್ಟಬೇಕು ಎನ್ನುವಾಗ ಹಿಂದಿನ ನೆರೆಗಳ ನೆನಪು ಮಾತಾಡುತ್ತಿರುತ್ತದೆ. ಗೋಲನ್ನು ಬರಿದಾಗಿ ಬಿಡಬಾರದೆಂಬ ಮಾತೂ ಅಂಥದ್ದೇ ಅಲ್ಲವೇ?

ಎರಡನೆಯವರು: ಅಂಥದ್ದೇ ಹೌದು, ಆದರೆ ಆಟದ ಚರಿತ್ರೆಯಲ್ಲಿ ಆ ಮಾತು ಯಾವಾಗ ಹುಟ್ಟಿತೆಂಬುದನ್ನೂ ಕೇಳಬೇಕಾಗುತ್ತದೆ. ಗೋಲ್‌ಕೀಪರ್ ಎಂಬ ಸ್ಥಾನ ನಿಯಮದ ಪುಸ್ತಕದಲ್ಲಿ ಕಾಣಿಸಿಕೊಂಡದ್ದು 1871ರಲ್ಲಿ. 1912ಕ್ಕೆ ಮುಂಚೆ ಅವನು ಮೈದಾನದ ತನ್ನ ಅರ್ಧಭಾಗದ ಎಲ್ಲೇ ಆದರೂ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು, ಆದರೆ ಚೆಂಡನ್ನು ಹಿಡಿದುಕೊಂಡು ಬಹಳ ಹೆಜ್ಜೆ ನಡೆಯುವಂತಿರಲಿಲ್ಲ. ಹೆಚ್ಚಿನವರು ಈ ಸವಲತ್ತನ್ನು ಬಳಸದೆ ಕಂಬಗಳ ನಡುವೆಯೇ ನಿಂತರು. ವೇಲ್ಸ್ ದೇಶದ ಲೀ ರಿಚ್ಮಂಡ್ ರೂಸ್ ಮಾತ್ರ ಚೆಂಡನ್ನು ನೆಲಕ್ಕೆ ಪುಟಿಸುತ್ತ ಮಧ್ಯರೇಖೆಯ ತನಕ ಓಡಿಬಂದು, ಅಲ್ಲಿಂದ ಎದುರಾಳಿಗಳ ಕಡೆಗೆ ಎಸೆಯುತ್ತಿದ್ದರು ಇಲ್ಲವೇ ಒದೆಯುತ್ತಿದ್ದರು. ಸ್ಟೋಕ್, ಎವರ್ಟನ್, ಸಂಡರ್ಲ್ಯಾಂಡ್ ತಂಡಗಳಿಗೆ ಆಡಿ, ವೇಲ್ಸ್ ಪರವಾಗಿ 24 ಪಂದ್ಯಗಳಲ್ಲಿ ಗೋಲು ಕಾಯ್ದ ಆ ವ್ಯಕ್ತಿ ಮೊದಲ ಮಹಾಯುದ್ಧದ ಸೊಮ್ ರಣರಂಗದಲ್ಲಿ 1916ರಲ್ಲಿ ಮಡಿದರು. ಅವರ ಆಟದ ಕಾಲ ಮುಗಿಯುತ್ತ ಬಂದಾಗಲೇ, 1912ರಲ್ಲಿ, ಕೈಯ ಬಳಕೆಯನ್ನು ಪೆನಾಲ್ಟಿ ಪ್ರದೇಶಕ್ಕೆ ಮಿತಿಗೊಳಿಸುವ ನಿಯಮ ಬಂತು. ಒಬ್ಬನ ಕಾಲು ಎಲ್ಲಿಯವರೆಗೆ ಹೋಯಿತೆಂಬುದನ್ನು ನೋಡಿದ ಮೇಲೆಯೇ ಗೆರೆ ಎಲ್ಲಿರಬೇಕೆಂದು ನಿಯಮ ತೀರ್ಮಾನಿಸಿತು ಎಂದಂತಾಯಿತು. ಆ ನಂತರದ ಗೋಲ್‌ಕೀಪರುಗಳು ಕೈ ನಡೆಯುವ ಎಲ್ಲೆಯನ್ನೇ ಕಾಲಿಗೂ ಎಲ್ಲೆಯೆಂದು ಒಪ್ಪಿಕೊಂಡದ್ದರಿಂದ ಈಗಿನ ರೂಢಿ ಗಟ್ಟಿಯಾಯಿತು.

ಮೊದಲನೆಯವರು: ಹಾಗಾದರೆ ಹಿಗ್ವಿಟಾ ಅವರ ವೃತ್ತಿಜೀವನವನ್ನು ಮೊದಲಿನಿಂದ ನೋಡುವುದು ಒಳ್ಳೆಯದು. ಎಲ್ಲರೂ ಒಂದೇ ಒಂದು ಚಮತ್ಕಾರದಿಂದ ನೆನೆಯುವ ಆಟಗಾರನ ಉಳಿದ ಬದುಕು ಆ ಚಮತ್ಕಾರದ ಹಿಂದೆ ಮರೆಯಾಗುವುದುಂಟು.

ಎರಡನೆಯವರು: ಕೊಲಂಬಿಯಾದ ಮೆಡಲೀನ್ ನಗರದಲ್ಲಿ 1966ರ ಆಗಸ್ಟ್ 27ರಂದು ಹುಟ್ಟಿದ ಅವರು ಬಡತನದಲ್ಲಿ, ಅಜ್ಜಿಯ ಆಸರೆಯಲ್ಲಿ ಬೆಳೆದರು. 1985ರಲ್ಲಿ ಬೊಗೊಟಾ ನಗರದ ಮಿಲೊನಾರಿಯೋಸ್ ಕ್ಲಬ್ಬಿನಿಂದ ವೃತ್ತಿ ಆರಂಭಿಸಿ, ಮರುವರ್ಷ ತಮ್ಮೂರಿನ ಅಟ್ಲೆಟಿಕೊ ನ್ಯಾಷನಲ್ ತಂಡಕ್ಕೆ ಬಂದರು. ಅಲ್ಲಿ ತರಬೇತುದಾರರಾಗಿದ್ದ ಫ್ರಾನ್ಸಿಸ್ಕೊ ಮಾಟುರಾನಾ ಅವರ ಆಲೋಚನೆ ಮತ್ತು ಹಿಗ್ವಿಟಾ ಅವರ ಸ್ವಭಾವ ಒಂದಕ್ಕೊಂದು ಹೊಂದಿದವು. ಮಾಟುರಾನಾ ತಮ್ಮ ರಕ್ಷಣಾ ಆಟಗಾರರನ್ನು ಗೋಲಿನ ಹತ್ತಿರ ಗುಂಪುಗೂಡಿಸದೆ ಮಧ್ಯರೇಖೆಯ ಕಡೆಗೆ ಮುಂದೆ ತಂದು ನಿಲ್ಲಿಸಿ, ಎದುರಾಳಿಗೆ ಆಡಲು ಇರುವ ನೆಲವನ್ನೇ ಕುಗ್ಗಿಸುವ ಪದ್ಧತಿಯನ್ನು ನಂಬಿದ್ದರು. ಈ ಪದ್ಧತಿಯಲ್ಲಿ ರಕ್ಷಣಾ ಸಾಲಿನ ಬೆನ್ನಿಗೆ ದೊಡ್ಡ ಬಯಲು ಉಳಿದುಬಿಡುತ್ತದೆ. ಹಿಂದಿನ ಕಾಲದಲ್ಲಿ ಅಂಥ ಬಯಲನ್ನು ಕಾಯಲು ಸ್ವೀಪರ್ ಎಂಬ ಆಟಗಾರ, ಎಂದರೆ ಸಾಲಿನ ಹಿಂದೆ ಒಂಟಿಯಾಗಿ ನಿಂತು ನುಸುಳಿ ಬಂದ ಚೆಂಡನ್ನೆಲ್ಲ ಗುಡಿಸಿ ಹೊರಗೆ ಹಾಕುವವನು, ಇರುತ್ತಿದ್ದ. ಹಿಗ್ವಿಟಾ ಆ ಕೆಲಸವನ್ನೂ ತಾವೇ ವಹಿಸಿಕೊಂಡದ್ದರಿಂದ ತಂಡಕ್ಕೆ ಮೈದಾನದಲ್ಲಿ ಒಬ್ಬ ಹೆಚ್ಚಿನ ಆಟಗಾರ ಸಿಕ್ಕಂತಾಯಿತು.

ಮೊದಲನೆಯವರು: ಅದರಿಂದ ಫಲ ಸಿಕ್ಕಿತೇ, ಅಥವಾ ನೋಡುವವರ ಸಂತೋಷಕ್ಕಷ್ಟೇ ಆಯಿತೇ?

ಎರಡನೆಯವರು: ಫಲ ದೊಡ್ಡದೇ ಆಗಿತ್ತು. ದಕ್ಷಿಣ ಅಮೆರಿಕದ ಕ್ಲಬ್ಬುಗಳ ನಡುವೆ ನಡೆಯುವ ಕೋಪಾ ಲಿಬರ್ತಡೋರೆಸ್ ಪಂದ್ಯಾವಳಿಯನ್ನು 1989ಕ್ಕೆ ಮುಂಚೆ ಕೊಲಂಬಿಯಾದ ಯಾವ ಕ್ಲಬ್ಬೂ ಗೆದ್ದಿರಲಿಲ್ಲ. ಆ ವರ್ಷದ ಅಂತಿಮ ಹಣಾಹಣಿಯ ಮೊದಲ ಪಂದ್ಯವನ್ನು ಪರಾಗ್ವೆಯ ಒಲಿಂಪಿಯಾ ತಂಡ 2–0ಯಿಂದ ಗೆದ್ದರೆ, ಬೊಗೊಟಾದಲ್ಲಿ ಮೇ 31ರಂದು ನಡೆದ ಮರುಪಂದ್ಯವನ್ನು ನ್ಯಾಷನಲ್ ಅದೇ ಅಂತರದಿಂದ ಗೆದ್ದಿತು. ಆಗ ತೀರ್ಪು ಪೆನಾಲ್ಟಿ ಒದೆತಗಳಿಗೆ ಬಿತ್ತು. ಪೆನಾಲ್ಟಿ ಒದೆತವೆಂದರೆ ಗೋಲಿನಿಂದ 11 ಮೀಟರ್ ದೂರದಲ್ಲಿಟ್ಟ ಚೆಂಡನ್ನು ಗೋಲ್‌ಕೀಪರ್ ಒಬ್ಬನ ಎದುರು ಒಬ್ಬ ಆಟಗಾರ ಒದೆಯುವುದು. ಹಿಗ್ವಿಟಾ ಅಂದು ಎದುರಾಳಿಗಳ ನಾಲ್ಕು ಒದೆತಗಳನ್ನು ತಡೆದರು, ತಮ್ಮ ತಂಡದ ಒಂದು ಒದೆತವನ್ನು ತಾವೇ ಒದ್ದು ಗೋಲು ಮಾಡಿದರು, ನ್ಯಾಷನಲ್ 5–4ರಿಂದ ಕಪ್ ಗೆದ್ದಿತು. ಅದೇ ವರ್ಷ ಕೊಲಂಬಿಯಾ ಇಸ್ರೇಲನ್ನು ಸೋಲಿಸಿ, 1962ರ ನಂತರ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಮುಂದೆ ಅವರು ಪೆನಾಲ್ಟಿಗಳನ್ನೂ ಎದುರಾಳಿಯ ತಪ್ಪಿಗೆ ದೊರೆಯುವ ನೇರ ಫ್ರೀಕಿಕ್‌ಗಳನ್ನೂ ಒದ್ದು ವೃತ್ತಿಜೀವನದಲ್ಲಿ 40ಕ್ಕೂ ಹೆಚ್ಚು ಗೋಲುಗಳನ್ನು ಗಳಿಸಿದರು. ದೇಶಕ್ಕಾಗಿ ಆಡಿದ 68 ಪಂದ್ಯಗಳಲ್ಲಿ ಮೂರು ಗೋಲುಗಳು ಅವರ ಹೆಸರಿನಲ್ಲಿವೆ.

ಮೊದಲನೆಯವರು: ಗೋಲಿನ ಗೆರೆಯಿಂದ ಮುಂದೆ ಬಂದು ನಿಂತವನು ಗೋಲನ್ನು ಹೆಚ್ಚು ಚೆನ್ನಾಗಿ ಕಾಯುತ್ತಾನೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಬಾಗಿಲು ಬಿಟ್ಟು ಅಂಗಳಕ್ಕೆ ಹೋದ ಕಾವಲುಗಾರ ಮನೆಯನ್ನು ಹೇಗೆ ಕಾದಾನು?

ಎರಡನೆಯವರು: ಇದು ರೇಖಾಗಣಿತದ ವಿಷಯ. ಚೆಂಡು ಇರುವ ಬಿಂದುವಿನಿಂದ ಎರಡು ಕಂಬಗಳಿಗೆ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಆ ತ್ರಿಕೋನ ಕಂಬಗಳ ಬಳಿ ಅತ್ಯಂತ ಅಗಲವಾಗಿದ್ದು, ಚೆಂಡಿನ ಹತ್ತಿರ ಬಂದಷ್ಟೂ ಕಿರಿದಾಗುತ್ತದೆ. ಗೆರೆಯ ಮೇಲೆ ನಿಂತವನು ಏಳು ಮೀಟರಿಗೂ ಮಿಕ್ಕ ಅಗಲವನ್ನು ಕಾಯಬೇಕಾದರೆ, ಚೆಂಡಿನ ಬಳಿಗೆ ನಡೆದವನು ಅದೇ ತ್ರಿಕೋನದ ಕಿರಿದಾದ ಭಾಗವನ್ನು ತನ್ನ ಮೈಯಿಂದಲೇ ಮುಚ್ಚಬಲ್ಲ. ಊರಿನ ಆಟದಲ್ಲೂ ಇದಕ್ಕೆ ಸಾಟಿಯಾದ ತಿಳಿವಳಿಕೆ ಇದೆ. ಕಬಡ್ಡಿಯಲ್ಲಿ ದಾಳಿಯ ಸರದಿ ಬಂದಾಗ ತನ್ನ ಅಂಗಳದಲ್ಲೇ ನಿಂತರೆ ಅಂಕವಿಲ್ಲ. ದಾಳಿಗೆ ಹೋದವನು ಮಧ್ಯರೇಖೆಯಿಂದ 3.75 ಮೀಟರ್ ಆಚೆಗಿರುವ ನಿರೋಧ ರೇಖೆಯನ್ನು ದಾಟಲೇಬೇಕು, ಎದುರಾಳಿಯನ್ನು ಮುಟ್ಟದೆ ಅದನ್ನೂ ದಾಟದೆ ಮರಳಿದರೆ ಔಟಾದಂತೆ. ಅಂದರೆ ಕಬಡ್ಡಿ ಗೆರೆ ದಾಟುವುದನ್ನು ಕರ್ತವ್ಯವನ್ನಾಗಿ ಮಾಡಿದ ಆಟ. ಹಾಗೆಯೇ ದಮ್ಮು ಕಟ್ಟಿಕೊಂಡು ಹೋದಷ್ಟೇ ಜಾಣತನದಿಂದ ಮರಳಿ ಬರುವುದನ್ನೂ ಅದು ಕಡ್ಡಾಯ ಮಾಡಿದೆ. ಹಿಗ್ವಿಟಾ ಅವರ ಆಟವನ್ನು ಅರಿಯಲು ಚಿಕ್ಕೋಡಿ, ರಾಯಬಾಗದ ಮಗುವಿಗೆ ಬೇರೆ ಪಾಠ ಬೇಕಾಗಿಲ್ಲ. ಗೋಲ್‌ಕೀಪರನ ದೇಹದಲ್ಲಿ ಒಬ್ಬ ಕಬಡ್ಡಿ ದಾಳಿಗಾರನಿದ್ದ ಎಂದರೆ ಸಾಕು.

ಮೊದಲನೆಯವರು: ಹೋಲಿಕೆ ಒಪ್ಪಿಗೆಯಾಗುವಂಥದ್ದು, ಆದರೆ ಅದೇ ಹೋಲಿಕೆ ಅವರ ದೊಡ್ಡ ಸೋಲನ್ನೂ ಮುಂದೆ ತರುತ್ತದೆ. ಇಟಲಿಯ ನೇಪಲ್ಸ್ ನಗರದಲ್ಲಿ 1990ರ ಜೂನ್ 23ರಂದು ಕೊಲಂಬಿಯಾ ಮತ್ತು ಕ್ಯಾಮರೂನ್ ನಡುವೆ ವಿಶ್ವಕಪ್ಪಿನ ನಾಕೌಟ್ ಪಂದ್ಯ ನಡೆಯಿತು. ನಿಗದಿತ ಅವಧಿಯಲ್ಲಿ ಗೋಲು ಬಾರದೆ ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯದಲ್ಲಿ 38 ವರ್ಷದ ರೋಜರ್ ಮಿಲ್ಲಾ ಮೊದಲ ಗೋಲು ಹೊಡೆದರು. ಕೆಲವೇ ನಿಮಿಷಗಳ ತರುವಾಯ ಪೆನಾಲ್ಟಿ ಪ್ರದೇಶದಿಂದ ಬಹಳ ಮುಂದೆ ಬಂದು ನಿಂತಿದ್ದ ಹಿಗ್ವಿಟಾ, ಸಹ ಆಟಗಾರನಿಂದ ಬಂದ ಚೆಂಡನ್ನು ಕಾಲಿನಿಂದ ತಿರುಗಿಸಿ ಮಿಲ್ಲಾ ಅವರನ್ನು ತಪ್ಪಿಸಲು ಹೋದಾಗ ಚೆಂಡು ಹಿಡಿತ ತಪ್ಪಿತು. ಮಿಲ್ಲಾ ಅದನ್ನು ಬರಿದಾದ ಗೋಲಿಗೆ ಒಯ್ದು ಹಾಕಿದರು. ಕೊಲಂಬಿಯಾ ಒಂದು ಗೋಲನ್ನು ಮರಳಿಸಿದರೂ 2–1ರಿಂದ ಸೋತು ಮನೆಗೆ ಮರಳಿತು. ಇಡೀ ದೇಶದ ಆಸೆಯನ್ನು ಒಬ್ಬನ ಸಾಹಸಕ್ಕೆ ಪಣವಾಗಿ ಇಡಬಹುದೇ?

ಎರಡನೆಯವರು: ಆ ಪ್ರಶ್ನೆಯ ನೋವು ನಿಜವಾದದ್ದು, ಅದನ್ನು ಹಗುರ ಮಾಡಲಾಗದು. ದಾಳಿಗಾರ ಎದುರಾಳಿಯ ಅಂಗಳದಲ್ಲಿ ಸಿಕ್ಕಿಬಿದ್ದ ಗಳಿಗೆ ಅದು, ಮರಳಿ ಬರುವ ದಾರಿಯನ್ನು ಅಳೆಯದೆ ಒಂದು ಹೆಜ್ಜೆ ಹೆಚ್ಚು ಇಟ್ಟದ್ದರ ಫಲ. ಹಿಗ್ವಿಟಾ ಕೂಡ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸದೆ ತಮ್ಮದೆಂದೇ ಒಪ್ಪಿಕೊಂಡರು. ಆದರೆ ತೂಕ ಹಾಕುವಾಗ ತಕ್ಕಡಿಯ ಎರಡೂ ತಟ್ಟೆಗಳು ಕಾಣಬೇಕು. ಗೋಲ್‌ಕೀಪರ್ ಗೆರೆ ಬಿಟ್ಟು ಬಂದು ಸೋತಾಗ ಬರಿದಾದ ಗೋಲು ಸಾಕ್ಷಿಯಾಗಿ ನಿಲ್ಲುತ್ತದೆ, ಗೆರೆ ಬಿಟ್ಟು ಬಂದು ಗೆದ್ದಾಗ ಹುಟ್ಟುವ ಮೊದಲೇ ಅಳಿದ ಅಪಾಯಕ್ಕೆ ಯಾವ ಸಾಕ್ಷಿಯೂ ಇರುವುದಿಲ್ಲ. ಗೆರೆಯ ಮೇಲೆಯೇ ನಿಂತು ಗೋಲು ಬಿಟ್ಟವನನ್ನಂತೂ ಯಾರೂ ದೂರುವುದಿಲ್ಲ, ಆತ ರೂಢಿಯ ನೆರಳಿನಲ್ಲಿ ಇರುತ್ತಾನೆ. ರೂಢಿ ಪಾಲಿಸಿದವನ ಸೋಲು ಎಲ್ಲರಿಗೂ ಹಂಚಿಹೋಗುತ್ತದೆ, ರೂಢಿ ಮೀರಿದವನ ಸೋಲನ್ನು ಅವನೊಬ್ಬನೇ ಹೊರಬೇಕಾಗುತ್ತದೆ.

ಮೊದಲನೆಯವರು: ನೇಪಲ್ಸ್‌ನ ಪಾಠದ ನಂತರ ಫುಟ್‌ಬಾಲ್ ಲೋಕ ಇಂಥ ಗೋಲ್‌ಕೀಪರುಗಳನ್ನು ಮತ್ತೆ ಗೆರೆಯೊಳಗೆ ಕಳಿಸಿರಬೇಕು.

ಎರಡನೆಯವರು: ನಡೆದದ್ದು ಅದಕ್ಕೆ ತೀರ ವಿರುದ್ಧ. 1990ರ ವಿಶ್ವಕಪ್ಪಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 2.21 ಗೋಲುಗಳು ಮಾತ್ರ ಬಂದವು, ವಿಶ್ವಕಪ್ಪಿನ ಇತಿಹಾಸದಲ್ಲೇ ಅದು ಅತಿ ಕಡಿಮೆ. ಮುನ್ನಡೆ ಪಡೆದ ತಂಡಗಳು ಚೆಂಡನ್ನು ಮತ್ತೆ ಮತ್ತೆ ತಮ್ಮ ಗೋಲ್‌ಕೀಪರನಿಗೆ ಹಿಂದಿರುಗಿಸುತ್ತಿದ್ದವು, ಆತ ಅದನ್ನು ಕೈಯಲ್ಲಿ ಎತ್ತಿಕೊಂಡು ಕಾಲ ಕಳೆಯುತ್ತಿದ್ದ. ಇದನ್ನು ತಡೆಯಲು ಆಟದ ನಿಯಮಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಮಂಡಳಿ 1992ರಲ್ಲಿ ಬ್ಯಾಕ್‌ಪಾಸ್ ನಿಯಮವನ್ನು ತಂದಿತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಒದ್ದು ಕಳಿಸಿದ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದು, ಮುಟ್ಟಿದರೆ ಎದುರಾಳಿಗೆ ಪರೋಕ್ಷ ಫ್ರೀಕಿಕ್ ದೊರೆಯುತ್ತದೆ ಎಂಬುದು ಅದರ ಸಾರ. ಅಂದಿನಿಂದ ಕಾಲು ಬಾರದ ಗೋಲ್‌ಕೀಪರ್ ತಂಡಕ್ಕೆ ಹೊರೆಯಾದ. ಜರ್ಮನಿಯ ಮ್ಯಾನುಯೆಲ್ ನಾಯರ್ 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ವಿರುದ್ಧ ಪೆನಾಲ್ಟಿ ಪ್ರದೇಶದಿಂದ ಹೊರಗೆ ಓಡೋಡಿ ಬಂದು ಚೆಂಡುಗಳನ್ನು ತಡೆದಾಗ ಜಗತ್ತು ಅದನ್ನು ಹುಚ್ಚೆನ್ನದೆ ಕೌಶಲವೆಂದು ಹೊಗಳಿತು. ಹಿಗ್ವಿಟಾ ಅವರಿಗೆ ಅವರ ದೇಶದಲ್ಲಿ ‘ಎಲ್ ಲೋಕೊ’, ಎಂದರೆ ಹುಚ್ಚ, ಎಂಬ ಅಡ್ಡಹೆಸರು ಬಿದ್ದಿತ್ತು. ಅವರಲ್ಲಿ ಹುಚ್ಚೆನಿಸಿದ್ದು ಕಾಲು ಶತಮಾನದೊಳಗೆ ಗೋಲ್‌ಕೀಪರುಗಳ ಪಠ್ಯಕ್ರಮವಾಯಿತು.

ಮೊದಲನೆಯವರು: ಅಷ್ಟನ್ನೂ ಒಪ್ಪಿದರೂ, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 1995ರ ಸೆಪ್ಟೆಂಬರ್ 6ರಂದು ಇಂಗ್ಲೆಂಡ್ ವಿರುದ್ಧ ಅವರು ತೋರಿದ ‘ಚೇಳಿನ ಒದೆತ’ವನ್ನು ಕೌಶಲವೆನ್ನುವುದು ಕಷ್ಟ. ಜೇಮಿ ರೆಡ್ನಾಪ್ ಕಳಿಸಿದ ಚೆಂಡು ಮೆಲ್ಲಗೆ ಗೋಲಿನ ಕಡೆಗೆ ತೇಲಿಬಂದಾಗ ಕೈಯಲ್ಲಿ ಹಿಡಿದರೆ ಮುಗಿಯುತ್ತಿತ್ತು. ಅದರ ಬದಲು ಅವರು ಚೆಂಡನ್ನು ತಲೆಯ ಮೇಲಿಂದ ಹಾದುಹೋಗಲು ಬಿಟ್ಟು, ಮುಂದಕ್ಕೆ ಜಿಗಿದು ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ, ಚೇಳು ತನ್ನ ಕೊಂಡಿಯನ್ನು ಬೆನ್ನ ಮೇಲೆ ಎತ್ತುವಂತೆ ಎರಡೂ ಹಿಮ್ಮಡಿಗಳನ್ನು ಮೇಲೆತ್ತಿ ಅದನ್ನು ಒದ್ದು ಹೊರಗೆ ಹಾಕಿದರು. ಅದರ ಅಗತ್ಯವೇನಿತ್ತು?

ಎರಡನೆಯವರು: ಅಗತ್ಯವೆಂಬ ಒಂದೇ ಅಳತೆಗೋಲಿನಿಂದ ಅದನ್ನು ಅಳೆಯಲಾಗದು. ಅದು ಸ್ನೇಹಪಂದ್ಯ, ಎಂದರೆ ಕಪ್ಪಾಗಲಿ ಅರ್ಹತೆಯಾಗಲಿ ಪಣಕ್ಕಿಲ್ಲದ ಪಂದ್ಯ, ಫಲಿತಾಂಶ 0–0. ನೇಪಲ್ಸ್‌ನಲ್ಲಿ ಅನಗತ್ಯವಾಗಿದ್ದ ಸಾಹಸಕ್ಕೂ ಪಣವಿಲ್ಲದ ಪಂದ್ಯದ ಸಾಹಸಕ್ಕೂ ವ್ಯತ್ಯಾಸವಿದೆ, ಸಾಹಸದ ಜಾಗವನ್ನು ಅರಿಯುವುದೂ ಸಾಹಸದ ಒಂದು ಅಂಗ. ಅದಕ್ಕಿಂತ ಮುಖ್ಯವಾಗಿ, ಆ ಒದೆತ ಮನುಷ್ಯದೇಹಕ್ಕೆ ಇಂಥದ್ದೊಂದು ಸಾಧ್ಯವಿದೆ ಎಂಬುದನ್ನು ತೋರಿತು. ಗರಡಿಯ ಮಣ್ಣಿನಲ್ಲಿ ಪೈಲ್ವಾನನೊಬ್ಬ ಹೊಸ ಪಟ್ಟನ್ನು ಹಾಕಿದಾಗ ಅದರಿಂದ ಗೆದ್ದನೋ ಸೋತನೋ ಎನ್ನುವುದಕ್ಕಿಂತ ಮೊದಲು ನೆರೆದವರ ಬಾಯಿಂದ ‘ಭಲೆ’ ಎಂಬ ಉದ್ಗಾರ ಹೊರಡುತ್ತದೆ, ಆ ಉದ್ಗಾರಕ್ಕೂ ಕ್ರೀಡೆಯಲ್ಲಿ ಒಂದು ಮೌಲ್ಯವಿದೆ. ಅದೇ ವೆಂಬ್ಲಿಯಲ್ಲಿ 1953ರ ನವೆಂಬರ್ 25ರಂದು ಹಂಗೆರಿ ತಂಡ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಗೋಲು ಕಾಯ್ದ ಗ್ಯೂಲಾ ಗ್ರೋಶಿಚ್ ಕೂಡ ಪೆನಾಲ್ಟಿ ಪ್ರದೇಶ ಬಿಟ್ಟು ಮುಂದೆ ಬಂದು ಆಡುವವರೆಂದು ಹೆಸರಾಗಿದ್ದರು. ಆದ್ದರಿಂದ ಹಿಗ್ವಿಟಾ ಒಂಟಿ ವಿಚಿತ್ರವಲ್ಲ, ನಡುನಡುವೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವ ಪರಂಪರೆಯೊಂದರ ಕೊಂಡಿ.

ಮೊದಲನೆಯವರು: ಮೈದಾನದ ಆಚೆಗೂ ಅವರು ಗೆರೆ ದಾಟಿದವರೇ. ಆ ಭಾಗವನ್ನು ಮುಚ್ಚಿಟ್ಟು ವೃತ್ತಿಜೀವನವನ್ನು ಮಾತ್ರ ಹೊಗಳಿದರೆ ವಿಚಾರ ಅರ್ಧವಾಗುತ್ತದೆ.

ಎರಡನೆಯವರು: ಮುಚ್ಚಿಡಬೇಕಾದ ಕಾರಣವಿಲ್ಲ. ಅಪಹರಣದ ಪ್ರಕರಣವೊಂದರಲ್ಲಿ ಎರಡೂ ಕಡೆಯವರ ನಡುವೆ ಸಂಧಾನಕಾರನಾಗಿ ನಿಂತು ಹಣ ಪಡೆದ ಆರೋಪದ ಮೇಲೆ 1993ರಲ್ಲಿ ಅವರ ಬಂಧನವಾಯಿತು. ಸುಮಾರು ಏಳು ತಿಂಗಳು ಸೆರೆಯಲ್ಲಿದ್ದು, ಶಿಕ್ಷೆಯಾಗದೆ ಹೊರಬಂದರೂ, 1994ರ ವಿಶ್ವಕಪ್ ಕೈತಪ್ಪಿತು. ಈಕ್ವೆಡಾರ್ ದೇಶದ ಔಕಾಸ್ ಕ್ಲಬ್ಬಿನಲ್ಲಿ ಆಡುತ್ತಿದ್ದಾಗ, 2004ರಲ್ಲಿ, ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಇಲ್ಲಿಯೇ ಮೊದಲಿನ ವ್ಯತ್ಯಾಸ ಮತ್ತೆ ಬೆಳಕು ಕೊಡುತ್ತದೆ. ಮೈದಾನದಲ್ಲಿ ಅವರು ಮೀರಿದ್ದು ರೂಢಿಯನ್ನು, ಈ ಎರಡು ಸಂದರ್ಭಗಳಲ್ಲಿ ಅವರನ್ನು ಎದುರಿಸಿದ್ದು ನಿಯಮ. ರೂಢಿಯನ್ನು ಮೀರಿ ಗೆದ್ದವನಿಗೆ ನಿಯಮವೂ ರೂಢಿಯಂತೆಯೇ ಸಡಿಲವಾಗಿ ಕಾಣುವ ಅಪಾಯವಿದೆ. ಆ ಅಪಾಯವನ್ನು ಹೇಳದೆ ಮಕ್ಕಳ ಮುಂದೆ ಅವರ ಕಥೆಯನ್ನು ಇಡುವುದು ತಪ್ಪು, ಆ ಅಪಾಯಕ್ಕೆ ಹೆದರಿ ಕಥೆಯನ್ನೇ ಹೇಳದಿರುವುದೂ ತಪ್ಪು. ಬಿದ್ದ ಮೇಲೂ ಅವರು ಮೈದಾನಕ್ಕೆ ಮರಳಿದರು, ಹಲವು ಕ್ಲಬ್ಬುಗಳಲ್ಲಿ ಆಡಿ, 2010ರ ಜನವರಿಯಲ್ಲಿ ಹುಟ್ಟೂರಾದ ಮೆಡಲೀನ್‌ನಲ್ಲೇ ವಿದಾಯದ ಪಂದ್ಯ ಆಡಿದರು.

ಮೊದಲನೆಯವರು: ಭಾರತಕ್ಕೂ ಈ ಆಟಗಾರನಿಗೂ ಸಂಬಂಧವೇನಾದರೂ ಇದೆಯೇ, ಅಥವಾ ಅದು ದೂರದ ಖಂಡದ ಕಥೆಯಾಗಿಯೇ ಉಳಿಯಿತೇ?

ಎರಡನೆಯವರು: ನೆರೆಯ ಮಲಯಾಳಂ ಸಾಹಿತ್ಯ ಆ ಸಂಬಂಧವನ್ನು ಕಟ್ಟಿದೆ. ಎನ್. ಎಸ್. ಮಾಧವನ್ ಅವರು ಬರೆದ ‘ಹಿಗ್ವಿಟ’ ಎಂಬ ಸಣ್ಣಕಥೆಯಲ್ಲಿ ಗೀವರ್ಗೀಸ್ ಎಂಬ ಪಾದ್ರಿ, ಹಿಂದೊಮ್ಮೆ ಫುಟ್‌ಬಾಲ್ ಆಡುತ್ತಿದ್ದವನು, ದೆಹಲಿಯಲ್ಲಿ ಒಬ್ಬ ದುಷ್ಟನ ಕಾಟಕ್ಕೆ ಸಿಕ್ಕಿದ ಬುಡಕಟ್ಟು ಯುವತಿಯ ಕಷ್ಟವನ್ನು ಕೇಳಿ ಕೊನೆಗೆ ತನ್ನ ಪೀಠದ ಎಲ್ಲೆಯಿಂದ ಹೊರಗೆ ಬರುತ್ತಾನೆ. ಗೋಲು ಬಿಟ್ಟು ಮುಂದೆ ಓಡಿಬರುವ ಕೊಲಂಬಿಯಾದ ಗೋಲ್‌ಕೀಪರ್ ಅವನಿಗೆ ಆದರ್ಶವಾಗುತ್ತಾನೆ. ಕಾಯುವವನು ತನ್ನ ಸ್ಥಾನದ ಗೌರವವನ್ನು ಕಾಯಬೇಕೋ, ಆ ಸ್ಥಾನ ಯಾರಿಗಾಗಿ ಇದೆಯೋ ಅವರನ್ನು ಕಾಯಬೇಕೋ ಎಂಬ ಪ್ರಶ್ನೆಯನ್ನು ಆ ಕಥೆ ಎತ್ತುತ್ತದೆ. ಗೋಲ್‌ಕೀಪರ್ ಕಾಯಬೇಕಾದದ್ದು ಗೋಲನ್ನು, ಗೆರೆಯನ್ನಲ್ಲ ಎಂಬ ಮಾತಿಗೆ ಇದಕ್ಕಿಂತ ಆಳವಾದ ವ್ಯಾಖ್ಯಾನ ಸಿಗುವುದು ಕಷ್ಟ.

ಮೊದಲನೆಯವರು: ಸಾಹಿತ್ಯದಿಂದ ಮೈದಾನಕ್ಕೆ ಮರಳಿ, ಕನ್ನಡ ನೆಲದ ಗೋಲ್‌ಕೀಪರುಗಳ ಮಾತು ಬರಲಿ.

ಎರಡನೆಯವರು: ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ತನ್ನ ಮೊದಲ ಒಲಿಂಪಿಕ್ ಪಂದ್ಯವನ್ನು 1948ರ ಜುಲೈ 31ರಂದು ಲಂಡನ್ನಿನ ಹತ್ತಿರದ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದಾಗ ಗೋಲು ಕಾಯ್ದವರು ಬೆಂಗಳೂರಿನ ವರದರಾಜ್. ಭಾರತದ ಪರವಾಗಿ ಗೋಲು ಗಳಿಸಿದ ರಾಮನ್ ಕೂಡ ಮೈಸೂರು ಸಂಸ್ಥಾನದ ಆಟಗಾರರೇ. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2–1ರಿಂದ ಸೋತ ಆ ತಂಡದ ಬಹುತೇಕರು ಬರಿಗಾಲಿನಲ್ಲಿ ಆಡಿದ್ದರು. ಬರಿಗಾಲಿನ ಆಟ ಆಗಿನ ಭಾರತದ ರೂಢಿ, ಅದನ್ನು ನಿಯಮ ತಡೆದಿರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1ರ ಸೋಲಾದ ನಂತರ ಬೂಟು ಕಡ್ಡಾಯವಾಯಿತು. ಇಲ್ಲಿ ರೂಢಿಯನ್ನು ಬಿಟ್ಟುಕೊಡುವುದೇ ವಿವೇಕವಾಗಿತ್ತು. ಆದ್ದರಿಂದ ರೂಢಿಯನ್ನು ಕಣ್ಣುಮುಚ್ಚಿ ಮೀರುವುದೂ ಕಣ್ಣುಮುಚ್ಚಿ ಪಾಲಿಸುವುದೂ ಒಂದೇ ಬಗೆಯ ಕುರುಡು. ರೂಢಿಯೊಂದು ಇಂದು ಯಾವ ಕೆಲಸ ಮಾಡುತ್ತಿದೆ ಎಂದು ಕೇಳುವುದೇ ಮುಖ್ಯ. ಈ ಕಾಲಕ್ಕೆ ಬಂದರೆ, ಪಂಜಾಬಿನಲ್ಲಿ ಹುಟ್ಟಿ 2017ರಿಂದ ಬೆಂಗಳೂರು ಎಫ್‌ಸಿ ತಂಡದ ಗೋಲು ಕಾಯುತ್ತಿರುವ ಗುರ್‌ಪ್ರೀತ್ ಸಿಂಗ್ ಸಂಧು ಇನ್ನೊಂದು ಬಗೆಯ ಎಲ್ಲೆ ದಾಟಿದವರು. ಭಾರತದ ಬಹುತೇಕ ಆಟಗಾರರು ದೇಶದೊಳಗೇ ವೃತ್ತಿ ಮುಗಿಸುತ್ತಿದ್ದ ಕಾಲದಲ್ಲಿ ಅವರು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋಗಿ, 2016ರಲ್ಲಿ ಯುರೋಪಾ ಲೀಗ್ ಪಂದ್ಯದಲ್ಲಿ ಆಡಿದ ಮೊದಲ ಭಾರತೀಯರಾದರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜುಲೈ 4ರಂದು ಕುವೈತ್ ವಿರುದ್ಧ ನಡೆದ ಸ್ಯಾಫ್ ಚಾಂಪಿಯನ್‌ಷಿಪ್ ಅಂತಿಮ ಪಂದ್ಯದ ಕೊನೆಯ ಪೆನಾಲ್ಟಿಯನ್ನು ತಡೆದು ಭಾರತಕ್ಕೆ ಕಪ್ ತಂದುಕೊಟ್ಟವರೂ ಅವರೇ.

ಮೊದಲನೆಯವರು: ಬೆಂಗಳೂರು ಇಲ್ಲಿಂದ ಬಹಳ ದೂರ. ನಿಪ್ಪಾಣಿಯ ಹುಡುಗನಿಗೆ ಫುಟ್‌ಬಾಲ್ ಎಂದರೆ ಮೊದಲು ನೆನಪಾಗುವುದು ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿಯಲ್ಲಿರುವ ಕೊಲ್ಲಾಪುರ.

ಎರಡನೆಯವರು: ಅದು ಸಹಜ. ಕೊಲ್ಲಾಪುರದ ಫುಟ್‌ಬಾಲ್ ತಂಡಗಳಲ್ಲಿ ಅನೇಕವು ಇಂದಿಗೂ ತಾಲೀಮುಗಳ, ಎಂದರೆ ಗರಡಿಮನೆಗಳ, ಹೆಸರನ್ನು ಹೊತ್ತಿವೆ. ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್ ಮೊದಲಾದ ತಂಡಗಳು ಶಾಹೂ ಕ್ರೀಡಾಂಗಣದಲ್ಲಿ ಎದುರಾದಾಗ ಓಣಿಓಣಿಯೇ ಮೈದಾನಕ್ಕೆ ಇಳಿದಂತಿರುತ್ತದೆ. ಕುಸ್ತಿಯ ಮಣ್ಣಿನಲ್ಲಿ ಬೆಳೆದ ಸಂಘಟನೆ ಹೊರಗಿನಿಂದ ಬಂದ ಆಟವನ್ನು ತನ್ನದಾಗಿಸಿಕೊಂಡ ಬಗೆ ಅದು. ಗಡಿಯ ಈಚೆಯ ತಾಲ್ಲೂಕುಗಳಿಗೂ ಇಂಥ ದಾಟುವಿಕೆ ಹೊಸದಲ್ಲ. ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳು 1956ರಲ್ಲಿ ಎಳೆದ ರಾಜ್ಯದ ಗೆರೆಯನ್ನು ಕೇಳದೆ ಹರಿಯುತ್ತವೆ. ಕೊಲ್ಲಾಪುರದ ಹೆಸರಿನಿಂದ ಲೋಕಪ್ರಸಿದ್ಧವಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಚರ್ಮಕುಶಲಿಗಳೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. ಅದಕ್ಕೆ ದೊರೆತ ಭೌಗೋಳಿಕ ಸೂಚಿಕೆ, ಎಂದರೆ ಒಂದು ಸೀಮೆಯ ವಿಶಿಷ್ಟ ಉತ್ಪನ್ನಕ್ಕೆ ಕಾನೂನು ಕೊಡುವ ಮಾನ್ಯತೆ, ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿಯೇ ಸಂದಿದೆ. ಕೈಗಳು ಬಹುಕಾಲದಿಂದ ಗೆರೆಯ ಎರಡೂ ಕಡೆ ಮಾಡಿಕೊಂಡು ಬಂದ ಕೆಲಸವನ್ನು ಕಾನೂನು ಕೊನೆಗೆ ಒಪ್ಪಿದ ಉದಾಹರಣೆ ಇದು. 1992ರ ನಿಯಮ ಹಿಗ್ವಿಟಾ ಅವರ ಕಾಲನ್ನು ಒಪ್ಪಿದ ಹಾಗೆಯೇ.

ಮೊದಲನೆಯವರು: ಈ ಎಲ್ಲ ವಿಚಾರದಿಂದ ಶಾಲೆಯ ಮೈದಾನಕ್ಕೆ ಒಯ್ಯಬಹುದಾದದ್ದು ಏನಾದರೂ ಇದ್ದರೆ ಮಾತ್ರ ಅದು ಸಾರ್ಥಕ.

ಎರಡನೆಯವರು: ಒಂದೇ ಒಂದು ಸಂಗತಿ ಇದೆ, ಅದು ಇಲ್ಲಿಯ ಪ್ರತಿ ಶಾಲೆಗೂ ಸಲ್ಲುತ್ತದೆ. ಹುಡುಗರು ತಂಡ ಕಟ್ಟುವಾಗ ಓಡಲಾರದವನನ್ನು, ದಪ್ಪಗಿರುವವನನ್ನು, ತಡವಾಗಿ ಬಂದವನನ್ನು ಗೋಲಿಗೆ ನಿಲ್ಲಿಸುತ್ತಾರೆ. ಹುಡುಗಿಯರನ್ನು ಆಟಕ್ಕೆ ಸೇರಿಸಿಕೊಂಡಾಗಲೂ ಮೊದಲು ತೋರಿಸುವ ಜಾಗ ಅದೇ. ಗೋಲು ಎಂದರೆ ಬೇಡದವರ ಜಾಗ ಎಂಬ ಈ ರೂಢಿಯನ್ನು ಯಾವ ನಿಯಮವೂ ಬರೆದಿಲ್ಲ. ಹಿಗ್ವಿಟಾ ಅವರ ವೃತ್ತಿಜೀವನ ಕಲಿಸುವುದು ಇದರ ವಿರುದ್ಧವನ್ನು: ಇಡೀ ಮೈದಾನವನ್ನು ಎದುರಿಗೆ ಇಟ್ಟುಕೊಂಡು ನೋಡುವವನು ಗೋಲ್‌ಕೀಪರ್ ಒಬ್ಬನೇ, ಆದ್ದರಿಂದ ಆ ಜಾಗದಲ್ಲಿ ನಿಲ್ಲುವ ಮಗುವಿಗೆ ಎಲ್ಲರಿಗಿಂತ ಹೆಚ್ಚು ಕಣ್ಣು, ಕಾಲು, ಧೈರ್ಯ ಬೇಕು, ಇಲ್ಲದಿದ್ದರೆ ಕಲಿಸಬೇಕು. ಆ ಮಗು ಗೆರೆಯಿಂದ ಮೊದಲ ಬಾರಿ ಹೊರಗೆ ಹೆಜ್ಜೆ ಇಟ್ಟು ಗೋಲು ಬಿಟ್ಟುಕೊಟ್ಟ ದಿನ, ಉಳಿದ ಹತ್ತು ಮಂದಿ ಅದನ್ನು ಬೈಯದಿದ್ದರೆ ಅಲ್ಲಿಗೆ ರೂಢಿಯೊಂದು ಬದಲಾದಂತೆ.

ಮೊದಲನೆಯವರು: ಬೈಯದಿರುವುದರ ಜೊತೆಗೆ ಇನ್ನೊಂದನ್ನು ಸೇರಿಸಿದರೆ ರೂಢಿಯ ಪರವಾಗಿ ಹೇಳಬೇಕಾದದ್ದೂ ಮುಗಿಯುತ್ತದೆ. ಗೋಲ್‌ಕೀಪರ್ ಮುಂದೆ ಓಡಿದಾಗ ಯಾರಾದರೂ ಒಬ್ಬರು ಹಿಂದೆ ಓಡಿ ಬರಿದಾದ ಗೋಲಿನಲ್ಲಿ ನಿಲ್ಲಬೇಕು. ನೇಪಲ್ಸ್‌ನಲ್ಲಿ ಆ ಜಾಗ ಬರಿದಾಗಿತ್ತು. ಅದು ಹಿಗ್ವಿಟಾ ಒಬ್ಬರ ತಪ್ಪಲ್ಲವೆಂದು ಈಗ ಒಪ್ಪಬಹುದು.